ಅವ್ವನನ್ನು ದಾಟಿಸುವ ಪಂಖಾ

ಹೆಣ ಹೊತ್ತ ದೋಣಿಗೆ ಎಂಥ ಪಂಖಾ ಹಾಕಿದರೆ ಸರಿಹೋಗುತ್ತದೆ ಎಂದು ಉದಗೀರದ ಅಂಗಡಿಯೊಂದರಲ್ಲಿ ನಿಂತು ಕೇಳಬೇಕಾದ ಗತಿ ನನಗೆ ಬಂದಿತ್ತು. ಕೇಳಲು ಬಾಯಿ ತೆರೆದಾಗ ನಾಚಿಕೆಯಿಂದ ಕಿವಿ ಬಿಸಿಯಾದವು. ಯಾಕೆಂದರೆ ಆ ದೋಣಿಯಲ್ಲಿ ಹೆಣವಾಗಿ ಹೋಗಬೇಕಾದ ನಮ್ಮ ಅವ್ವ ಆ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಕೂತು, ಸೊಸೆಯಂದಿರಿಗೆ ಹುಕುಂ ಕೊಡುತ್ತ, ಶೇಂಗಾ ಸುಲಿಯುತ್ತಿದ್ದಳು.

ಪಂಖಾ ಎಂದರೆ ದೋಣಿಯ ಹಿಂದೆ ಕಟ್ಟುವ ಮೋಟರಿನ ಕೆಳತುದಿಯಲ್ಲಿ, ನೀರೊಳಗೆ ತಿರುಗುವ ಪ್ರೊಪೆಲರು. ನಮ್ಮ ಉಮರ್ಗಾ, ನಿಲಂಗಾ ಕಡೆ ಈ ಸಾಮಾನು ಯಾರ ಮನೆಯಲ್ಲೂ ಇರುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ಹೆಸರಿಲ್ಲ. ಛತ್ತಿನಲ್ಲಿ ತಿರುಗಿದರೂ ಪಂಖಾ, ನೀರಿನಲ್ಲಿ ತಿರುಗಿದರೂ ಪಂಖಾ. ಹೆಸರು ಒಂದೇ ಎಂದು ಆರಿಸುವ ರೀತಿಯೂ ಒಂದೇ ಎಂದು ತಿಳಿದ ನಮ್ಮಣ್ಣ ಆ ವರ್ಷ ನನ್ನ ಜೀವ ಹಿಂಡಿಬಿಟ್ಟ.

ನಮ್ಮ ಊರು ತೇರಣಾ ನದಿಯ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿದೆ. ಮನೆ ಈಚೆ ದಂಡೆಗೆ, ಹೊಲ ಆಚೆ ದಂಡೆಗೆ. ನಡುವೆ ಮೊದಲು ಒಂದು ನಾಲಾ ಇತ್ತು, ಅಷ್ಟೆ. ನಾವು ಲಿಂಗವಂತರು ಸತ್ತವರನ್ನು ಸುಡುವುದಿಲ್ಲ. ಕೂತ ಭಂಗಿಯಲ್ಲೇ ವಿಮಾನದಲ್ಲಿ, ಎಂದರೆ ಬಿದಿರಿನಿಂದ ಕಟ್ಟಿದ ಹೂವಿನ ಕುರ್ಚಿಯಲ್ಲಿ, ಮೆರವಣಿಗೆ ಮಾಡಿ ಒಯ್ದು ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತೇವೆ. ಅಪ್ಪ ತೀರಿಕೊಂಡಾಗ ಅಣೆಕಟ್ಟಿಗೆ ನೀರು ಬಂದಿರದ ಕಾಲ. ಅವನನ್ನು ಹೊತ್ತು ನಾಲಾ ದಾಟಿದೆವು, ಯಾರ ಪಾದವೂ ಸರಿಯಾಗಿ ತೊಯ್ಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಮಳೆ ಧಾರಾಳವಾಗಿ ಆಯಿತು. ಹಿನ್ನೀರು ಏರುತ್ತ ಬಂದು ನಾಲಾದ ದಾರಿಯನ್ನು ನುಂಗಿತು. ಅಪ್ಪನ ಸಮಾಧಿ ಏರುದಿಬ್ಬದ ಮೇಲಿದ್ದುದರಿಂದ ಉಳಿಯಿತು. ಆದರೆ ಅಲ್ಲಿಗೆ ಹೋಗಬೇಕಾದರೆ ಈಗ ಹೆದ್ದಾರಿ ಹಿಡಿದು ಊರೂರು ಸುತ್ತಿ, ಕೊನೆಗೆ ಎರೆಮಣ್ಣಿನ ಬಂಡಿದಾರಿಯಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಆ ದಾರಿಗೆ ಟ್ರ್ಯಾಕ್ಟರು ಇಳಿಸುವ ಧೈರ್ಯ ಯಾರಿಗೂ ಇಲ್ಲ. ಹೊಲವನ್ನು ಆಚೆ ದಂಡೆಯ ಕುರಿ ಸಾಕುವ ಮನೆಯೊಂದಕ್ಕೆ ಪಾಲಿಗೆ ಕೊಟ್ಟಿದ್ದೇವೆ. ಅವರು ಬೀರಪ್ಪನ ಒಕ್ಕಲು, ನಂಬಿಗಸ್ತರು. ಹಾಗಾಗಿ ನಾವು ಅತ್ತ ಹೋಗುವ ಗರಜೇ ಬೀಳುತ್ತಿರಲಿಲ್ಲ.

ಒಂದು ಸಂಜೆ ಅಣ್ಣ ಮತ್ತು ನಾನು ಊಟಕ್ಕೆ ಕೂತಿದ್ದಾಗ ಅವ್ವ ಕೇಳಿದಳು.

"ಏನ್ರೋ, ನಾ ಸತ್ರ ನನಗ ಎಲ್ಲಿಡ್ತೀರಿ?"

ಅಣ್ಣನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಎಲ್ಲಿಡ್ತೀವಿ ಅಂದ್ರ? ಅಪ್ಪನ ಬಾಜೂಕ. ಅದೇನ್ ಕೇಳಾ ಮಾತೇನವ್ವ?"

"ಹ್ಯಾಂಗ ಒಯ್ತೀರಿ?"

"ಟ್ರ್ಯಾಕ್ಟರದಾಗ."

"ಮಳಿಗಾಲದಾಗ ಸತ್ರ?"

"ಆವಾಗಿಂದ ಆವಾಗ ನೋಡೂಣು."

"ನೋಡೂಣು ಅಂದ್ರ? ನಾ ಬ್ಯಾಸಗ್ಯಾಗೇ ಸಾಯ್ತೀನಂತ ನಿಮಗ ಬರಕೊಟ್ಟೀನೇನು? ಟ್ರ್ಯಾಕ್ಟರ ಕೆಸರಾಗ ಸಿಕ್ಕೊಂಡ್ರ ನನಗ ಅರ್ಧ ದಾರಿಗೇ ಇಟ್ಟು ಬರಾ ಮಂದಿ ನೀವು."

ಊಟ ಅಲ್ಲಿಗೆ ಕೆಟ್ಟಿತು. ಆದರೆ ಮಾತು ಮುಗಿಯಲಿಲ್ಲ. ಮರುದಿನ ಚಹಾ ಕುಡಿಯುವಾಗ ಅದೇ ಮಾತು, ಅದರ ಮರುದಿನವೂ ಅದೇ. ನಾನು ಉಮರ್ಗಾದ ನನ್ನ ಕಾಳಿನ ಅಡತಿ ಅಂಗಡಿಗೆ ಹೊರಟು ಮೋಟರ್‌ಸೈಕಲ್ ಒದೆಯುವಾಗ ಹೊಸ್ತಿಲಿಗೆ ಬಂದು, "ಇವತ್ತು ಮೋಡ ಭಾಳ ಆಗ್ಯದ, ಸಾಯಾಕ ಜರಾ ಅಂಜಿಕಿ ಬರ್ತದ" ಎನ್ನುವಳು. ಗಂಡನ ಪಕ್ಕದಲ್ಲಿ ಮಲಗಬೇಕೆಂಬ ಒಂದು ಆಸೆಯನ್ನು ಹಿಡಿದುಕೊಂಡು ಮನೆಯವರನ್ನೆಲ್ಲ ಇಷ್ಟು ಗೋಳಾಡಿಸಿದ ಹೆಂಗಸು ನಮ್ಮ ಪೈಕಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನನ್ನ ಹೆಂಡತಿ ಮಾತ್ರ, "ಆಕಿಂದೇನ್ ತಪ್ಪದ? ನಿಮಗ ದಾರಿ ಇಲ್ಲ ಅಂತ ಆಕಿ ಜಾಗಾ ಬಿಡಬೇಕೇನು?" ಎಂದು ನನಗೇ ತಿರುಗಿಬಿದ್ದಳು.

ದೋಣಿಯ ಉಪಾಯ ಅಣ್ಣನದು. ಅಣ್ಣ ಒಕ್ಕಲುತನದವನು, ಯಂತ್ರವೆಂದರೆ ಜೀವ ಬಿಡುವವನು. ಮುರುಮ ಎಂಬ ಊರಿನಲ್ಲಿ ಕಬ್ಬಿನ ಟ್ರಾಲಿ ಕಟ್ಟುವ ವೆಲ್ಡಿಂಗಿನವರಿಂದ ಎರಡು ಉದ್ದನೆಯ ತಗಡಿನ ಕೊಳವೆ ಮಾಡಿಸಿದ. ಎರಡೂ ತುದಿ ಮುಚ್ಚಿದ, ಒಳಗೆ ಬರೀ ಗಾಳಿ ತುಂಬಿದ ಕೊಳವೆಗಳು. ಅವುಗಳ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ. ನೋಡಲು ಗಾಲಿ ಕಿತ್ತ ಚಕ್ಕಡಿಯನ್ನು ನೀರಿಗೆ ಬಿಟ್ಟ ಹಾಗಿತ್ತು. ಇಂಥದಕ್ಕೆ ಪಾಂಟೂನ್ ದೋಣಿ ಎನ್ನುತ್ತಾರೆಂದು ನಾನು ಫೋನಿನಲ್ಲಿ ನೋಡಿ ಹೇಳಿದೆ. ಅಣ್ಣ, "ಹೆಸರ ತಗೊಂಡ ಏನ್ ಮಾಡೂದದ, ತೇಲಿದ್ರ ಸಾಕು" ಎಂದ. ತೇಲಿತು, ಅದನ್ನು ಒಪ್ಪಬೇಕು. ಹಿಂದೆ ಕಟ್ಟಲು ಉದಗೀರದಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯಿಂದ ಒಂದು ಹಳೆಯ ಔಟ್‌ಬೋರ್ಡ್ ಮೋಟರು ತಂದ. ಮೀನಿನ ಗುತ್ತಿಗೆದಾರರ ಹಗುರ ದೋಣಿಗೆ ಕಟ್ಟಿದ್ದ ಮೋಟರು ಅದು.

ಮೊದಲ ಪರೀಕ್ಷೆಗೆ ಮುಂಚೆ ಭಾರದ ಲೆಕ್ಕ ಬೇಕೆಂದು ನಾನೇ ಹೇಳಿದೆ, ಹೇಳಿ ಕೆಟ್ಟೆ. ವಿಮಾನ, ಹೊರುವವರು, ಅಯ್ಯನವರು, ಭಜನೆಯವರು ಎಲ್ಲರ ಬದಲಿಗೆ ಜೋಳದ ಚೀಲ ಇಡುವುದೆಂದಾಯಿತು. ಅವ್ವನ ತೂಕ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಕಾಳು ತೂಗುವ ಹಳೆಯ ಕಾಟಾ ಮನೆಯ ಅಂಗಳದಲ್ಲೇ ಇತ್ತು. ಅಣ್ಣ ಹಿಂದುಮುಂದು ನೋಡದೆ ಅವ್ವನನ್ನು ಅದರ ಮೇಲೆ ನಿಲ್ಲಿಸಿದ.

"ಸೀರಿ ಸಮೇತ ತೂಗಿದ್ಯಲ್ಲೋ, ಚೀಲದ ತೂಕ ಕಳದಿಯೇನು?" ಎಂದು ಅವ್ವ ಕೇಳಿದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನಕ್ಕರು. ಸಂಜೆಯೊಳಗೆ ಈ ಸುದ್ದಿ ಉಮರ್ಗಾದ ಪೇಟೆಗೆ ಮುಟ್ಟಿ, ನನ್ನ ಪಕ್ಕದ ಅಂಗಡಿಯವರು, "ಏನ್ ಸಾವ್ಕಾರ, ತಾಯಿಗೆ ಕಾಟಾ ಮಾಡಿದ್ರಂತಲ್ಲ?" ಎಂದರು. ಹಲ್ಲು ಕಿರಿದು ಲೆಕ್ಕದ ಪುಸ್ತಕ ತೆರೆದೆ.

ಮೊದಲ ಪರೀಕ್ಷೆಯಲ್ಲಿ ದೋಣಿ ದಂಡೆ ಬಿಟ್ಟದ್ದೇ ದೊಡ್ಡದು. ಮೋಟರು ಹೊಗೆ ಉಗುಳಿತು, ನರಳಿತು, ವೇಗದ ಹಿಡಿಕೆಯನ್ನು ಪೂರ್ತಿ ತಿರುವಿದರೂ ಅದರ ಸದ್ದು ಏರಲೇ ಇಲ್ಲ. ದೋಣಿ ಬಸುರಿ ಎಮ್ಮೆಯ ಹಾಗೆ ನಿಧಾನ ಸರಿಯಿತು. ನಡುನೀರಿಗೆ ಬಂದಾಗ ಬೀಸಿದ ಗಾಳಿ ನಮ್ಮನ್ನು ಓರೆಯಾಗಿ ಒಯ್ದು ಜಾಲಿಕಂಟಿಗೆ ಸಿಕ್ಕಿಸಿತು. ಬಿದಿರುಗಳನ್ನು ಹಾಕಿ ನೂಕಿಕೊಂಡು ವಾಪಸ್ ಬಂದೆವು. ದಂಡೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ ಅವ್ವ ಎಲ್ಲವನ್ನೂ ನೋಡಿದ್ದಳು.

"ಹಿಂಗ ಒಯ್ದ್ರ ಹೊತ್ತ ಮುಳುಗ್ತದ," ಎಂದಳು. "ಮಣ್ಣ ಯಾವಾಗ ಮಾಡ್ತೀರಿ?"

ನಾನು ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಫೋನು ಹಿಡಿದು ಕೂತೆ. ದೇಶವಿದೇಶದವರು ಈ ಪಂಖಾದ ವಿಷಯದಲ್ಲಿ ಜಗಳವಾಡುವುದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಆದರೆ ಒಂದು ವಿಷಯ ತಿಳಿಯಿತು. ಪ್ರತಿ ಪಂಖಾದ ನಡುಗುಂಬದ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಅದರ ಅಗಲ. ಎರಡನೆಯದು, ಅದು ಒಂದು ಸುತ್ತು ತಿರುಗಿದರೆ ನೀರಿನಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕೆಂಬ ಲೆಕ್ಕ, ಕಟ್ಟಿಗೆಯಲ್ಲಿ ಸ್ಕ್ರೂ ತಿರುಗುತ್ತ ಒಳಗೆ ಹೋಗುತ್ತದಲ್ಲ, ಹಾಗೆ. ಈ ಎರಡನೆಯ ಅಂಕಿ ದೊಡ್ಡದಾದರೆ ಹಗುರ ದೋಣಿ ಹಾರುತ್ತದೆ. ನಮ್ಮಂಥ ಭಾರದ ದೋಣಿಗೆ ಅದು ಸಣ್ಣದಿರಬೇಕು. ಆಗ ಮೋಟರು ಆರಾಮವಾಗಿ ತಿರುಗಿ, ನಿಧಾನವಾಗಿಯಾದರೂ ಗಟ್ಟಿಯಾಗಿ ನೂಕುತ್ತದೆ. ಮೀನಿನವರ ಹಗುರ ದೋಣಿಯ ಪಂಖಾ ನಮಗೆ ಆಗದು ಎಂಬುದು ಬೆಳಕಿನಷ್ಟು ಸ್ಪಷ್ಟವಿತ್ತು.

ಅಣ್ಣನಿಗೆ ಇದನ್ನು ಹೇಳಿದೆ. "ಸಣ್ಣ ಅಂಕಿ ಸಾಕು."

"ಹುಚ್ಚಿದ್ದೀಯೇನು ತಮ್ಮಾ? ಇದರಾಗೇ ಹೋಗಲೊಲ್ಲದು, ಇನ್ನ ಸಣ್ಣದು ಹಾಕಿದ್ರ ಹೋಗ್ತದೇನು?"

"ಅಣ್ಣಾ, ಕಬ್ಬು ತುಂಬಿದ ಟ್ರಾಲಿ ನೀ ಟಾಪ್ ಗೇರಿನ್ಯಾಗ ಎಬ್ಬಸ್ತೀಯೇನು?"

"ಅದು ಗೇರು. ಇದು ಪಂಖಾ."

ಇಷ್ಟು ವರ್ಷ ಟ್ರ್ಯಾಕ್ಟರು ನಡೆಸಿದವನಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅವನು ಕೇಳುವ ಮನಸ್ಸಿನಲ್ಲೇ ಇರಲಿಲ್ಲ. ಉದಗೀರಕ್ಕೆ ಹೋಗಿ ತಿಳಿದವರನ್ನು ಕೇಳೋಣ ಎಂದ. ಹೊರಟೆವು. ನಿಲಂಗಾ ದಾಟಿ ದೇವಣಿಗೆ ಬಂದಾಗ ದನದ ಸಂತೆ ಕಾಣಿಸಿತು. ಅಣ್ಣ ಇಳಿದ. ಕೊಳ್ಳುವ ವಿಚಾರವೇ ಇಲ್ಲದ ಹೋರಿಗಳ ಹಲ್ಲು ಬಿಡಿಸಿ ನೋಡಿದ, ಡುಬ್ಬ ಸವರಿದ, ಮಾಲಕರ ಜೊತೆ ಹರಟಿದ. ನಾನು ಬಿಸಿಲಲ್ಲಿ ಮೋಟರ್‌ಸೈಕಲ್ ಹಿಡಿದು ನಿಂತು ಬೆಂದೆ.

ಉದಗೀರದ ಅಂಗಡಿಯವರು ಒಳ್ಳೆಯ ಮಾತಿನವರು, ಚಹಾ ತರಿಸಿದರು. "ಎಷ್ಟ್ ಮಂದಿ ಕೂಡ್ತಾರ್ರೀ ಸಾವ್ಕಾರ, ಒಂದ್ ಖೇಪಿಗೆ?" ಎಂದು ಕೇಳಿದರು.

ಇಲ್ಲಿಯೇ ನನ್ನ ಕಿವಿ ಬಿಸಿಯಾದದ್ದು. "ಹತ್ತು ಹನ್ನೆರಡು ಮಂದಿರೀ. ಅದರಾಗ ಒಬ್ರು ಜರಾ ಬ್ಯಾರೆ."

"ಬ್ಯಾರೆ ಅಂದ್ರ?"

"ಅವರು ಮಾತಾಡಂಗಿಲ್ರಿ. ಎದ್ದು ನಿಂದ್ರಂಗಿಲ್ಲ. ಕುರ್ಚಿ ಸಮೇತ ಒಯ್ಯಬೇಕು."

"ಅಚ್ಛಾ, ಪೇಷಂಟ್!" ಎಂದು ಅವರ ಮುಖ ಕರುಣೆಯಿಂದ ತುಂಬಿತು. "ಪೇಷಂಟ್ ಅಂದ್ರ ಸ್ಪೀಡ್ ಪಾಹಿಜೇ, ಬೇಕೇ ಬೇಕು. ಇದ ತಗೋರಿ, ಬಾಣದ ಹಂಗ ಹೋಗ್ತದ."

ಒಳಗಿನಿಂದ ತಂದ ಪಂಖಾ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲಿನ ಎರಡನೆಯ ಅಂಕಿ ನೋಡಿದೆ. ಹಳೆಯದಕ್ಕಿಂತ ದೊಡ್ಡದು. ಆದರೆ ಸಾಯದ ತಾಯಿಗೆ ಹೆಣದ ದೋಣಿ ಮಾಡಿಸುತ್ತಿದ್ದೇವೆ ಎಂದು ಬಿಡಿಸಿ ಹೇಳುವ ಬಾಯಿ ನನಗೆಲ್ಲಿಂದ ಬರಬೇಕು? ಅಣ್ಣನ ಕಾಲು ತುಳಿದೆ. ಅವನು ಆಗಲೇ ಪಂಖಾ ಎತ್ತಿಕೊಂಡು, ಬೆರಳಿನಿಂದ ಬಾರಿಸಿ ಸದ್ದು ಕೇಳಿ, ಎಲೆಯಂಥ ಅದರ ಅಲಗುಗಳನ್ನು ಸವರಿ, ಈಗಷ್ಟೇ ದೇವಣಿಯಲ್ಲಿ ಹೋರಿ ನೋಡಿದ ಕಣ್ಣಿನಿಂದಲೇ ಅದನ್ನೂ ನೋಡುತ್ತಿದ್ದ. "ಅಂಗ ಛಲೋ ಅದ" ಎಂದ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಎರಡನೆಯ ಪರೀಕ್ಷೆ ನಾನಂದಂತೆಯೇ ಆಯಿತು. ಚೀಲ ಹೇರಿದ ದೋಣಿಯಲ್ಲಿ ಮೋಟರು ಎರಡು ಸಲ ಗುಡುಗಿ ಬಂದ್ ಬಿತ್ತು. ಮತ್ತೆ ಹಗ್ಗ ಎಳೆದರೆ ಮತ್ತೆ ಬಂದ್ ಬಿತ್ತು. ಸಿಟ್ಟಿಗೆದ್ದ ಅಣ್ಣ ಚೀಲಗಳನ್ನೆಲ್ಲ ಇಳಿಸಿ ಒಬ್ಬನೇ ಹೊರಟ. ಆಗ ಮಾತ್ರ ದೋಣಿ ಖರೇನೇ ಬಾಣದ ಹಾಗೆ ಹೋಗಿ, ಒಂದು ಸುತ್ತು ಹೊಡೆದು ಬಂತು.

"ನೋಡ್ದಿ?" ಎಂದ. "ಪಂಖಾ ಬರೋಬ್ಬರಿ ಅದ. ನೀನೇ ಚೀಲ ಹೆಚ್ಚ ಇಟ್ಟಿ. ಅವ್ವ ಅಷ್ಟು ಭಾರ ಇಲ್ಲ."

"ಅವ್ವ ಒಬ್ಬಾಕೀನೇ ದೋಣಿ ನಡಸ್ಕೊಂಡು ಹೋಗ್ತಾಳೇನು? ಹೊರಾವರು ಬ್ಯಾಡೇನು?"

ದಂಡೆಯ ಮೇಲಿಂದ ಅವ್ವ, "ಜಗಳಾ ಆಮ್ಯಾಲ ಮಾಡ್ರಿ, ಮೊದಲ ಜೋಳ ತೊಯ್ಯಲಕತ್ತದ ನೋಡ್ರಿ" ಎಂದಳು. ಮೂರು ದಿನ ನಾನು ಅಣ್ಣನ ಜೊತೆ ಮಾತು ಬಿಟ್ಟೆ. ಒಂದೇ ಮನೆಯಲ್ಲಿ ಮಾತು ಬಿಡುವುದು ಎಷ್ಟು ಕಷ್ಟ ಎಂಬುದು ಬಿಟ್ಟವರಿಗೇ ಗೊತ್ತು. ಉಪ್ಪಿನಕಾಯಿ ಬೇಕಾದರೂ ಹೆಂಡತಿಯ ಕೈಲಿ ಕೇಳಿಸಬೇಕು.

ಕೊನೆಗೆ ಅಣ್ಣನಿಗೆ ಹೇಳದೆ ನಾನೊಬ್ಬನೇ ಉದಗೀರಕ್ಕೆ ಹೋದೆ. ಅಂಗಡಿಯವರು ಮೊದಲು ಪೇಷಂಟಿನ ಆರೋಗ್ಯ ಕೇಳಿದರು. ಛಲೋ ಅದಾರ ಎಂದೆ, ಅದು ಸುಳ್ಳೂ ಅಲ್ಲ. ಎರಡನೆಯ ಅಂಕಿ ಸಣ್ಣದಿರುವ, ನಾಲ್ಕು ಅಗಲ ಎಲೆಗಳ ಪಂಖಾ ಬೇಕೆಂದೆ. ಅವರು ಹೊರಗಿನಿಂದ ತರಿಸಿದರು. ಬಂದದ್ದನ್ನು ಊರಿಗೆ ಒಯ್ದು ಹಾಕಲು ನೋಡಿದರೆ ಒಳಗಿನ ಹಲ್ಲುಗಳು ನಮ್ಮ ಮೋಟರಿನ ದಂಡಕ್ಕೆ ಕೂಡಲಿಲ್ಲ. ಮತ್ತೆ ನಿಲಂಗಾ, ಮತ್ತೆ ದೇವಣಿ, ಮತ್ತೆ ಉದಗೀರ. ಸೋಯಾ ಸುಗ್ಗಿಯಲ್ಲಿ ಅಂಗಡಿ ಬಿಟ್ಟು ಹೀಗೆ ತಿರುಗಿದ ನನಗೆ ಎಂಥ ಉರಿ ಎದ್ದಿರಬೇಕು, ನೀವೇ ತಿಳಿಯಿರಿ. ಹಲ್ಲು ಕೂಡುವ ಪಂಖಾ ಸಿಕ್ಕಿತು. ನಾನೇ ನಿಂತು ಹಾಕಿಸಿದೆ. ಚೀಲ ಹೇರಿ ನೋಡಿದೆ. ಮೋಟರು ನರಳಲಿಲ್ಲ, ಹೊಗೆ ಉಗುಳಲಿಲ್ಲ. ದೋಣಿ ಸಾವಕಾಶ, ಒಂದೇ ಹದದಲ್ಲಿ, ನೀರನ್ನು ಒತ್ತಿಕೊಂಡು ಹೋಯಿತು. ಗಾಳಿಗೂ ಜಗ್ಗಲಿಲ್ಲ. ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅಂದೇ.

ಅಣ್ಣ ಸೋಲು ಒಪ್ಪುವ ಆಸಾಮಿಯಲ್ಲ. "ಚೀಲ ಇಟ್ಟು ನೋಡಿದ್ರ ಆಗಂಗಿಲ್ಲ, ಮಂದಿ ಕೂಡಬೇಕು," ಎಂದು, ನನಗೆ ತಿಳಿಸದೆ ಮರುದಿನಕ್ಕೆ ಓಣಿಯ ಭಜನೆಯವರನ್ನು ಕರೆದುಬಿಟ್ಟ. ತಾಳ, ಡಗ್ಗಾ ಹಿಡಿದುಕೊಂಡೇ ಬರಲು ಹೇಳಿದ್ದ. ತಾಳದ ತೂಕವೂ ಲೆಕ್ಕಕ್ಕೆ ಬರಬೇಕಂತೆ! ಬದುಕಿರುವ ತಾಯಿಯ ಎದುರಿಗೆ ಆಕೆಯ ಅಂತ್ಯಯಾತ್ರೆಯ ತಾಲೀಮು. ನನ್ನ ಹೆಂಡತಿ ಹಣೆ ಬಡಿದುಕೊಂಡು ಒಳಗೆ ಹೋದಳು. ನನಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ.

ದಾರಿಯ ಮೇಲಿನ ಮೆರವಣಿಗೆಯಲ್ಲಿ ಭಜನೆಯವರು ಮುಂದೆ, ಅವರ ಹಿಂದೆ ಅಯ್ಯನವರು, ಆಮೇಲೆ ವಿಮಾನ. ಪದ್ಧತಿ ಎಂದರೆ ಪದ್ಧತಿ ಎಂದು ಅಣ್ಣ ದೋಣಿಯಲ್ಲೂ ಹಾಗೆಯೇ ಕೂರಿಸಿದ. ಭಜನೆಯವರೆಲ್ಲ ಮೂತಿಯಲ್ಲಿ ಒತ್ತಿಕೊಂಡು ಕೂತರು. ಅವರ ಬೆನ್ನಿಗೆ ಅವ್ವನ ಬದಲಿನ ಚೀಲಗಳು. ಹಿಂದೆ ಮೋಟರು ಹಿಡಿದು ನಾನೊಬ್ಬ. ಹಗ್ಗ ಎಳೆದೆ. ದೋಣಿಯ ಮೂತಿ ನೀರಿಗೆ ತಗ್ಗಿ, ಹಿಂಭಾಗ ಎದ್ದಿತು. ಪಂಖಾ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತ ಕಿರುಚಿತು. ನನ್ನ ಮೈಮೇಲೆಲ್ಲ ನೀರು ಎರಚಿತು. ದೋಣಿ ಇದ್ದಲ್ಲಿಂದ ಕದಲಲಿಲ್ಲ. ಭಜನೆಯವರಲ್ಲೊಬ್ಬರು ಹೆದರಿ ದೇವರ ಹೆಸರು ಕೂಗಿದರು.

"ಕಂಡ್ಯಾ ನಿನ್ನ ಪಂಖಾ?" ಎಂದು ಅಣ್ಣ ದಂಡೆಯಿಂದ ಕೂಗಿದ. ದನಿಯಲ್ಲಿ ಖುಷಿ ಇತ್ತು, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

"ಪಂಖಾದ್ದಲ್ಲ, ನಿನ್ನ ತಲಿದು ತಪ್ಪು!" ಎಂದು ನಾನೂ ಕೂಗಿದೆ. ನಿಜ ಹೇಳಬೇಕೆಂದರೆ ತಪ್ಪು ಯಾವುದರದು ಎಂದು ಆ ಕ್ಷಣಕ್ಕೆ ನನಗೂ ಹೊಳೆದಿರಲಿಲ್ಲ.

ಆಗ ಅವ್ವ ಕಂಬಳಿಯಿಂದ ಎದ್ದಳು. ಮೊಣಕಾಲು ಹಿಡಿದುಕೊಂಡು, ಮಂದಿಯ ಮುಂದೆ ಬಂದು ನಿಂತಳು. "ಎಲ್ಲಾರೂ ಮುಂದ ಕುಂತ್ರ ಹಿಂದ ದೂಡಾವರು ಯಾರ್ರೋ? ಅರ್ಧಾ ಮಂದಿ ಹಿಂದ ಹೋಗ್ರಿ. ಆ ಚೀಲ ತೆಗೀರಿ ಅಲ್ಲಿಂದ. ನಾನೇ ಕೂಡ್ತೀನಿ."

"ಅವ್ವ, ಬ್ಯಾಡ!" ಅಣ್ಣ ಗಾಬರಿಯಾದ. "ಜೀವಂತ ಇದ್ದಾಕಿ ಆ ಜಾಗಾದಾಗ ಕೂಡಬಾರದು. ಅಪಶಕುನ."

"ನನ್ನ ತೂಗುವಾಗ ಅಪಶಕುನ ಆಗಲಿಲ್ಲ? ಕೈ ಹಿಡಿ ಸುಮ್ಕ."

ಅಣ್ಣ ಕೈ ಹಿಡಿದ. ಅವ್ವ ದೋಣಿ ಹತ್ತಿ, ಚೀಲ ತೆಗೆಸಿದ ಜಾಗದಲ್ಲಿ ಪದ್ಮಾಸನ ಹಾಕಲಾಗದೆ ಕಾಲು ಚಾಚಿ ಕೂತಳು. ಮಡಿಲಲ್ಲಿ ಒಂದು ತಂಬಿಗೆ ಇತ್ತು. ದಂಡೆಗೆ ಬರುವಾಗ ಅದನ್ನು ಯಾಕೆ ತಂದಿದ್ದಳು ಎಂದು ನಾನು ಯೋಚಿಸಲಿಲ್ಲ, ಕುಡಿಯುವ ನೀರಿರಬೇಕು ಎಂದುಕೊಂಡೆ. ಭಜನೆಯವರಲ್ಲಿ ಅರ್ಧ ಜನ ನನ್ನ ಪಕ್ಕಕ್ಕೆ ಬಂದರು. ಅಣ್ಣನೂ ಹಿಂದಕ್ಕೆ ಬಂದ. ಹಿಂಭಾಗ ನೀರಿಗೆ ಕೂತಿತು. ಹಗ್ಗ ಎಳೆದರೆ ಪಂಖಾ ನೀರನ್ನು ಗಟ್ಟಿಯಾಗಿ ಹಿಡಿಯಿತು, ದೋಣಿ ನೇರ ಹೊರಟಿತು. ಯಾರೋ ಅಭ್ಯಾಸಬಲದಿಂದ ತಾಳ ಕುಟ್ಟಲು ಶುರು ಮಾಡಿದರು. ಅವ್ವ ಬೇಡವೆನ್ನಲಿಲ್ಲ. ನಾನು ಮಾತ್ರ ನಾಚಿಕೆಗೆ ತಲೆ ತಗ್ಗಿಸಿ ಮೋಟರು ನೋಡುತ್ತಿದ್ದೆ.

ನಡುನೀರಿನಲ್ಲಿ ಒಂದು ಸುತ್ತು ಹಾಕಿ ತಿರುಗಿಸೋಣ ಎಂದೆ. "ಯಾಕ ತಿರುಗಸ್ತಿ? ಇಲ್ಲಿತನ ಬಂದೀವಿ, ನೆಟ್ಟಗ ನಡಿ," ಎಂದಳು ಅವ್ವ. ನೆಟ್ಟಗೆ ನಡೆಸಿದೆ. ಆಚೆ ದಂಡೆಯಲ್ಲಿ ಪಾಲಿನವರ ಕುರಿಗಳು ನೀರಿಗೆ ಬಂದಿದ್ದವು. ದೋಣಿ ಕಂಡು ಒಂದರ ಮೇಲೊಂದು ಬಿದ್ದು ಓಡಿದವು. ಅಣ್ಣ ಅವ್ವನನ್ನು ಹೆಚ್ಚುಕಡಿಮೆ ಎತ್ತಿಯೇ ಇಳಿಸಿದ. ಭಜನೆಯವರು ಜಾಲಿಯ ನೆರಳಿಗೆ ಹೋಗಿ ತಂಬಾಕು ತಿಕ್ಕುತ್ತ ಕೂತರು.

ದಿಬ್ಬ ಹತ್ತುವಾಗ ಅವ್ವ ನಮ್ಮಿಬ್ಬರ ಹೆಗಲಿಗೂ ಕೈ ಹಾಕಿದ್ದಳು. ಸಮಾಧಿಯ ಕಟ್ಟೆಯ ಸುತ್ತ ಕಸ ಮೊಣಕಾಲುದ್ದ ಬೆಳೆದಿತ್ತು. ಕಲ್ಲಿನ ಮೇಲೆ ಕುರಿಹಿಕ್ಕೆ. ಅವ್ವ ಕುಳಿತು, ಕೈಯಿಂದಲೇ ಕಸ ಕೀಳತೊಡಗಿದಳು. ನಾವೂ ಕಿತ್ತೆವು. ತಂಬಿಗೆಯ ನೀರಿನಿಂದ ಕಲ್ಲು ತೊಳೆದಳು. ಸೆರಗಿನ ಗಂಟು ಬಿಚ್ಚಿದರೆ ಅದರಲ್ಲಿ ವಿಭೂತಿಯ ಗಟ್ಟಿ, ಬಿಲ್ವಪತ್ರಿ. ಪತ್ರಿ ಇನ್ನೂ ಹಸಿಯಾಗಿತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದಳು.

ಅಣ್ಣ ಗೆದ್ದವನ ಹಾಗೆ ಸೊಂಟಕ್ಕೆ ಕೈಯಿಟ್ಟು ಪಕ್ಕದ ಜಾಗ ತೋರಿಸಿದ. "ನೋಡವ್ವ, ಇಲ್ಲೇ. ಅಪ್ಪನ ಬಲಗಡಿ. ಇನ್ನ ಮಳಿಗಾಲ ಇರಲಿ, ಏನೇ ಇರಲಿ, ಚಿಂತಿಲ್ಲ."

"ಅದು ಆಮ್ಯಾಲ," ಎಂದಳು ಅವ್ವ, ಆ ಕಡೆ ನೋಡದೆ. "ನೀವು ಹೋಗಿ ಸಂಜಿಕಡಿ ಬರ್ರಿ. ನಾ ಇಲ್ಲೇ ಕೂಡ್ತೀನಿ. ಮುಂದಿನ ಸೋಮವಾರನೂ ಬರೂದದ, ಆ ಪಂಖಾ ಬಿಚ್ಚಬ್ಯಾಡ್ರಿ."

ನನಗೆ ಅಲ್ಲಿಯವರೆಗೆ ತಡೆದಿದ್ದ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. ಕಾಟಾ, ಉದಗೀರ, ಪೇಷಂಟು, ಪೇಟೆಯವರ ನಗು, ಅಣ್ಣನ ಜೊತೆಗಿನ ಜಗಳ, ಎಲ್ಲ ಇದಕ್ಕೇನು?

"ಇಲ್ಲಿಗೆ ಬರೂದು ಬೇಕಾಗಿತ್ತಂದ್ರ ಮೊದಲ ಹೇಳಬೇಕಿಲ್ಲೇನವ್ವ? ಸಾಯಾ ಮಾತು ಯಾಕ ತೆಗದಿ? ಸುತ್ತ ಊರಾಗ ನಮ್ಮ ಮಾನ ಹೋಯ್ತು!"

ಅವ್ವ ಕಲ್ಲಿಗೆ ವಿಭೂತಿ ಹಚ್ಚುತ್ತಲೇ ಹೇಳಿದಳು. "ಹೇಳಿದ್ದೆ. ಭಾಳ ಸಲ ಹೇಳಿದ್ದೆ. ನಿಮ್ಮಣ್ಣ ಮಳಿ ನಿಲ್ಲಲಿ ಅಂದ. ನೀ ರವಿವಾರ ಹೋಗೂಣು ಅಂದಿ. ಸತ್ತ ಮ್ಯಾಲ ಒಯ್ರಿ ಅಂದೆ, ಇಬ್ರೂ ಎದ್ದು ನಿಂತ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಇನ್ನೆರಡು ಮಾತು ಆಡಬಹುದಿತ್ತು. ಅಣ್ಣ ಸೊಂಟದಿಂದ ಕೈ ತೆಗೆದು ದೋಣಿಯ ಕಡೆ ನಡೆದ. ನಾನೂ ಅವನ ಹಿಂದೆ ಹೊರಟೆ. ದಿಬ್ಬ ಇಳಿಯುವಾಗ ಅವ್ವ ಅಪ್ಪನ ಜೊತೆ ಮಾತಿಗೆ ಕೂತದ್ದು ಕೇಳಿಸಿತು.

"ತಡಾ ಆಯ್ತು ನೋಡ್ರಿ," ಎನ್ನುತ್ತಿದ್ದಳು. "ಸತ್ತೇ ಬರಬೇಕೇನೋ ಅಂದ್ಕೊಂಡಿದ್ದೆ."